ಕರಡಿ ಕುಣಿಸುವವನು

ಆಫೀಸಿನಲ್ಲಿ ಎಲ್ಲರೂ ಅವನನ್ನು ಅಚ್ಚುಕಟ್ಟಣ್ಣ ಎನ್ನುತ್ತಿದ್ದರು. ಅವನಿಗೆ ಕುತ್ತು ಬಂದದ್ದೂ ಆ ಅಚ್ಚುಕಟ್ಟಿನಿಂದಲೇ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಬರೆದರೆ ಸಾಕು, ಚೆಲ್ಲಾಪಿಲ್ಲಿಯಾದ ಕೋಡನ್ನೆಲ್ಲ ಫೋಲ್ಡರುಗಳಲ್ಲಿ ಜೋಡಿಸಿ, ಬರೆದವನ ಹೆಸರನ್ನೂ ತಾನೇ ಹಾಕುವ ಸಲಕರಣೆಯೊಂದು ಅವನ ಬಳಿ ಇತ್ತು. ಆಫೀಸಿನ ಫೋಲ್ಡರಿಗೆ ಅವನ ಸ್ವಂತ ಹೆಸರು. ಮನೆಯ ಫೋಲ್ಡರಿಗೆ, ಹೆಂಡತಿಯನ್ನು ನಗಿಸಲೆಂದು, 'ಕರಡಿ ಕುಣಿಸುವವನು' ಎಂಬ ಹೆಸರು. ಕರಡಿ ಎಂದರೆ ಮ್ಯಾನೇಜರು. ಮೈಕಟ್ಟು, ಗುರುಗುಟ್ಟು ಎರಡರಲ್ಲೂ ಹೋಲಿಕೆಯಿತ್ತು.

ಹೋದ ತಿಂಗಳು ಅಚ್ಚುಕಟ್ಟು ಅತಿಯಾಗಿ, ಆಫೀಸಿನ ಫೋಲ್ಡರನ್ನೇ ಎತ್ತಿ ಮನೆಯ ಫೋಲ್ಡರಿನೊಳಗೆ ಇಟ್ಟುಬಿಟ್ಟಿದ್ದ. ಸಲಕರಣೆಗೇನು ಗೊತ್ತು? ಅಂದಿನಿಂದ ಅವನು ಬರೆದದ್ದಕ್ಕೆಲ್ಲ ಕರಡಿ ಕುಣಿಸುವವನ ಹೆಸರನ್ನೇ ಅಂಟಿಸುತ್ತ ಬಂತು.

ಆ ಬೆಳಿಗ್ಗೆ ಮ್ಯಾನೇಜರು ಬಾಗಿಲು ತುಂಬ ನಿಂತು ಕೇಳಿದರು: "ಬಸ್ಸಿನ ವೇಳೆ ತೋರಿಸೋ ಪ್ರೋಗ್ರಾಂ ತಿದ್ದಿದ್ದು ಯಾರು? ಯಾರೋ ಕರಡಿ ಕುಣಿಸುವವನಂತೆ. ಸಂಜೆಯೊಳಗೆ ಆ ಮನುಷ್ಯ ನನಗೆ ಬೇಕು."

ಅಚ್ಚುಕಟ್ಟಣ್ಣನ ಜೀವ ಬಾಯಿಗೆ ಬಂತು. ಆಫೀಸಿನಲ್ಲಿ ಹಿಂದಕ್ಕೆ ಬಾಗುವ ಕುರ್ಚಿ ಅವನದೊಂದೇ; ಅದೂ ಅವನ ಜೊತೆ ನಡುಗಿತು.

ಪಕ್ಕದ ಮೇಜಿನ ಡಂಗುರದಮ್ಮ ಬಾಗಿ ಕೇಳಿದಳು. "ನಿಂದೇ ತಾನೇ?"

"ಮೆಲ್ಲಗೆ, ಅಕ್ಕಾ."

"ಮೆಲ್ಲಗೇ ಕೇಳ್ತಿದೀನಿ. ಮೇಲಿನ ಮಹಡಿಯವರಿಗೆ ಇನ್ನೂ ಗೊತ್ತಿಲ್ಲ."

"ಕೆಲಸ ಹೋದ್ರೆ ಮನೇಲಿ ಏನು ಹೇಳ್ಲಿ? ಅವಳು ಒಂದ್ಸಲ ನಕ್ಕಿದ್ದಕ್ಕೆ ಇಷ್ಟೆಲ್ಲ."

"ಮೊನ್ನೆ ಗೊರಕೆನ ಮನೆಗೆ ಕಳಿಸಿದ್ರಲ್ಲ, ಅವನ ತಲೆಗೆ ಕಟ್ಟು. ಕೆಲಸ ಹೋದವನಿಗೆ ಇನ್ನೇನು ಹೋಗುತ್ತೆ?"

ಗೊರಕೆ ಎಂಬಾತ ಮೀಟಿಂಗಿನಲ್ಲಿ ನಿದ್ದೆಹೋದರೆ ಕಿಟಕಿಯ ಗಾಜು ಅದುರುತ್ತಿತ್ತು. ಪಾಪದ ಮನುಷ್ಯ. ಅಚ್ಚುಕಟ್ಟಣ್ಣನ ಮನಸ್ಸು ಚುಚ್ಚಿತು; ಆದರೂ ಬೆರಳು ಹೆಸರು ಬದಲಿಸುವ ಆಜ್ಞೆ ಬರೆಯಿತು. ಗಾಬರಿಯಲ್ಲಿ ಅರ್ಧ ಹೆಸರು ಮಾತ್ರ ಅಳಿಸಿದ್ದರಿಂದ, ಊಟದ ಹೊತ್ತಿನವರೆಗೂ ಪ್ರೋಗ್ರಾಮಿನ ತುಂಬ ಬರಿಯ 'ಕರಡಿ' ಎಂದು ನಿಂತಿತ್ತು. ಅವನ ಬೆನ್ನ ಹಿಂದೆ ನೆರೆದವರೆಲ್ಲ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳಿದರು. ಕಡೆಗೂ ಅಷ್ಟೂ ಕಡೆ ಗೊರಕೆಯ ಹೆಸರು ಕುಳಿತಿತು.

ಸಂಜೆ ಮ್ಯಾನೇಜರು ಬಂದಾಗ ಎಲ್ಲರೂ ಎದ್ದು ನಿಂತರು.

"ಸಿಕ್ಕಿದ. ನಮ್ಮ ಗೊರಕೆ. ಬೆಳಿಗ್ಗೆ ಅಡ್ಡಹೆಸರು ಇತ್ತು, ಈಗ ಮನೆಯಿಂದಲೇ ಸ್ವಂತ ಹೆಸರು ಹಾಕಿದಾನೆ. ಬಸ್ಸಿನ ವೇಳೆ ಈಗ ಒಂದೂ ತಪ್ಪಲ್ಲ ಅಂತ ಬಸ್ ಕಂಪನಿಯವರು ಹೊಗಳಿದಾರೆ. ಬಡ್ತಿ ಕೊಡೋಣ ಅಂತಾನೇ ಹುಡುಕ್ತಿದ್ದೆ. ಹಗಲು ಯಾಕೆ ಮಲಗ್ತಿದ್ದ ಅಂತ ಈಗ ತಿಳೀತು, ರಾತ್ರಿಯೆಲ್ಲ ದುಡಿದಿದಾನೆ ಪಾಪ. ವಾಪಸ್ ಕರೆಸಿದೀನಿ. ನಾಳೆಯಿಂದ ನಿಮಗೆಲ್ಲ ಅವನೇ ಯಜಮಾನ."

ಬಾಗಿಲಲ್ಲಿ ತಿರುಗಿ ನಿಂತರು. "ಅಲ್ಲ, ನಮ್ಮಲ್ಲಿ ಕರಡಿ ಅಂದ್ರೆ ಯಾರು?"

ಯಾರಿಗೂ ತಿಳಿದಿರಲಿಲ್ಲ. ಡಂಗುರದಮ್ಮನಿಗೂ ತಿಳಿದಿರಲಿಲ್ಲ.

ಅಚ್ಚುಕಟ್ಟಣ್ಣ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ಬಡ್ತಿ ಹೋಯಿತು, ಹೋಗಲಿ. ತನ್ನ ಅನ್ನ ಉಳಿಯಿತು, ಇನ್ನೊಬ್ಬನ ಅನ್ನ ಮರಳಿ ಬಂತು. ನಿರಾಳವಾಗಿ ಉಸಿರುಬಿಟ್ಟು, ಹಿಂದೆ ನೋಡದೆ ಕುರ್ಚಿಯಲ್ಲಿ ಕೂರಹೋದ; ಧೊಪ್ಪನೆ ನೆಲಕ್ಕೆ ಬಿದ್ದ.

"ಹೊಸ ಯಜಮಾನರಿಗೆ ಮಲಗೋಕೆ ಅನುಕೂಲ ಆಗಲಿ ಅಂತ ಸಾಹೇಬರು ಹೇಳಿದಾರೆ" ಎಂದ ಜವಾನ, ಆ ಬಾಗುವ ಕುರ್ಚಿಯನ್ನು ತಳ್ಳಿಕೊಂಡು ಹೋಗುತ್ತ.