ವಿಡುದಿಯಲ್ಲಿ ಒಂದು ಜಾಗ

ನಮ್ಮಪ್ಪ ಕಾರಣವಿಲ್ಲದೆ ಒಳ್ಳೆಯವರಾದರೆ ನನಗೆ ಭಯವಾಗುತ್ತದೆ. ಆ ಶನಿವಾರ ಬೆಳಗ್ಗೆ ಅವರು ಕೊತ್ತಂಬರಿ ಸೊಪ್ಪು ಸಾಗಿಸುವ ನಮ್ಮ ಓಮ್ನಿ ವ್ಯಾನನ್ನು ತಾವೇ ತೊಳೆದು, ನನ್ನನ್ನು ಬೈಯದೆ ಎಬ್ಬಿಸಿದರು.

"ಏಳಮ್ಮಿ ದಿವ್ಯ, ವೇಲಾಂಕಣ್ಣಿಗೆ ಹೋಗ್ಬುಟ್ಟು ಬರಾನ. ಶಾಂತಿಯಕ್ಕನ್ನ ನೋಡ್ದಂಗೂ ಆಯ್ತದೆ, ಚರ್ಚಲ್ಲಿ ಮಾತೆಗೆ ಕೈ ಮುಗ್ದಂಗೂ ಆಯ್ತದೆ."

ತಮಿಳುನಾಡಿನ ಗಡಿಯೊಳಗಿರುವ ನಮ್ಮ ಬಾಗಲೂರಿನಿಂದ ವೇಲಾಂಕಣ್ಣಿಗೆ ಒಂದು ಇಡೀ ಹಗಲಿನ ದಾರಿ. ಪಕ್ಕದ ಹೊಸೂರಿಗೆ ಹೋಗಲು ಮೂರು ದಿನ ಯೋಚಿಸುವ ಮನುಷ್ಯ ಹಲ್ಲುಜ್ಜುವಷ್ಟರಲ್ಲಿ ಇದನ್ನು ನಿರ್ಧರಿಸಿದರೆಂದರೆ ನಂಬುವುದು ಹೇಗೆ? ಶಾಂತಿಯಕ್ಕ ಮೊದಲು ಅಮ್ಮನ ಜೊತೆ ಕಾರ್ಖಾನೆಯಲ್ಲಿದ್ದವರು, ಈಗ ಆ ಊರಿನ ಶಾಲೆಯೊಂದರಲ್ಲಿ (ಗಮನಿಸಿ, ಶಾಲೆ!) ಅಡುಗೆ ಮಾಡುತ್ತಾರೆ. ನಾನು ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು, ಬಿಟ್ಟು ಎಂಟು ತಿಂಗಳಾಗಿತ್ತು. ಹಾಜರಿ ಕರೆದಾಗ "ಉಳ್ಳೇನ್ ಐಯಾ", ಇದ್ದೀನಿ ಸಾರ್, ಎನ್ನಲು ಬಾಯಿ ಬಾರದೆ, ಬೆಂಚಿನ ಮೇಲೆ ಕೂತೇ ಹದಿನೆಂಟು ದಿನ ಗೈರುಹಾಜರಾದವಳು ನಾನು.

ಅಷ್ಟರಲ್ಲಿ ಅಪ್ಪ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. "ವಿಡುದಿಯಿಲೆ ಇಡಂ ಪಾತ್ತು ವೈ, ಶಾಂತಿ. ಪೊಣ್ಣುಕ್ಕು ಇನ್ನುಂ ಸೊಲ್ಲಲೆ."

ವಿಡುದಿಯಲ್ಲಿ ಜಾಗ ನೋಡಿಡು, ಹುಡುಗಿಗೆ ಇನ್ನೂ ಹೇಳಿಲ್ಲ! ಹತ್ತು ವರ್ಷ ತಮಿಳು ಮೀಡಿಯಂನಲ್ಲಿ ಓದಿದವಳಿಗೆ ವಿಡುದಿ ಎಂದರೆ ಹಾಸ್ಟೆಲ್ ಎಂದು ಯಾರೂ ಹೇಳಿಕೊಡಬೇಕಿಲ್ಲ. ಷಡ್ಯಂತ್ರ ಬಯಲಾಯಿತು. ಕೃಷ್ಣಗಿರಿ ದಾಟುವಷ್ಟರಲ್ಲಿ ನಾನು ತನಿಖೆ ಆರಂಭಿಸಿದ್ದೆ.

"ಚೀಲ್ದಲ್ಲಿ ನಂಗೊಬ್ಳಿಗೇ ಯಾಕಮ್ಮಾ ಹೊಸ ಟವೆಲು?"

"ನಿಂದು ಹರ್ದೋಗದೆ." (ಎಷ್ಟು ತಯಾರಿ ಮಾಡಿಕೊಂಡ ಉತ್ತರ!)

"ನನ್ನ ಆಧಾರ್ ಕಾರ್ಡು?"

"ಅಲ್ಲಿ ಕೇಳ್ತಾರಂತೆ."

"ಯಾರು?"

"ಅಯ್ಯೋ, ಏನೇ ಇದು ಪೋಲೀಸ್ನೋರ ತರ! ಸುಮ್ಕೆ ಮುರುಕು ತಿನ್ನೇ."

ಧರ್ಮಪುರಿಯಲ್ಲಿ ನಾನು ಕೇಳದೆಯೇ ಅಪ್ಪ ಐಸ್‌ಕ್ರೀಮ್ ಕೊಡಿಸಿದರು. ಬಲಿಗೆ ಮುಂಚಿನ ಉಪಚಾರವೆಂದು ತಿಳಿದೂ ಎರಡು ತಿಂದೆ.

ಸಂಜೆ ನಾಲ್ಕಕ್ಕೆ ತಲುಪಿದೆವು. ಶಾಂತಿಯಕ್ಕ ನಮ್ಮನ್ನು ನೇರವಾಗಿ ಚರ್ಚಿನ ಪಕ್ಕದ ಬೀದಿಯ ಉದ್ದನೆಯ ಕಟ್ಟಡವೊಂದಕ್ಕೆ ಕರೆದುಕೊಂಡು ಹೋದರು. ಬಾಗಿಲಲ್ಲೇ 'ವಿಡುದಿ' ಎಂಬ ಬೋರ್ಡು! ಒಳಗೆ ದಪ್ಪ ರಿಜಿಸ್ಟರಿನ ಹಿಂದೆ ಒಬ್ಬ ಸಿಸ್ಟರ್. ಹೆಸರು, ವಯಸ್ಸು ಬರೆದುಕೊಂಡು ನನ್ನತ್ತ ನಕ್ಕು, "ಪೊಣ್ಣು ಎನ್ನ ಪಡಿಕ್ಕಿದು?" ಎಂದರು. ಹುಡುಗಿ ಏನು ಓದುತ್ತಿದ್ದಾಳೆ!

ಎಂಟು ತಿಂಗಳು ಒಳಗೇ ಕಟ್ಟಿಟ್ಟಿದ್ದೆಲ್ಲ ಒಡೆಯಿತು. ನಾನಿಲ್ಲಿ ಸೇರುವುದಿಲ್ಲ, ಮೋಸ ಮಾಡಿ ಕರೆತಂದಿದ್ದಾರೆ, ನಾಲ್ಕು ಜನರ ಮುಂದೆ ನನಗೆ ಒಂದು ಮಾತೂ ಹೊರಡುವುದಿಲ್ಲ ಎಂದು, ನಲವತ್ತು ಜನರ ಸಾಲಿನ ಮುಂದೆ ನಿಂತು, ತಮಿಳು, ಕನ್ನಡ, ತೆಲುಗು ಮೂರರಲ್ಲೂ ಹತ್ತು ನಿಮಿಷ ಭಾಷಣ ಮಾಡಿದೆ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

"ಅಯ್ಯೋ ಕಣ್ಣು, ಇದು ಯಾತ್ರೆಗೆ ಬಂದೋರು ಮಲಗೋ ವಿಡುದಿ, ಲಾಡ್ಜು!" ಎಂದರು ಶಾಂತಿಯಕ್ಕ, ಅಮ್ಮನಿಂದ ಕಲಿತ ಕನ್ನಡದಲ್ಲಿ. "ನಮ್ಮನೇಲಿ ಒಂದೇ ರೂಮು, ಅದಕ್ಕೇ ಇಲ್ಲಿ ಹೇಳಿದ್ದು."

"ಸಮುದ್ರ ನೋಡ್ಬೇಕು ಅಂತಿದ್ಯಲ್ಲಮ್ಮಿ," ಎಂದರು ಅಪ್ಪ. "ಇದ್ದಕ್ಕಿದ್ದಂಗೆ ತೋರ್ಸಾನ ಅಂತ ಹೇಳಿರ್ಲಿಲ್ಲ." ಆಮೇಲೆ ನನ್ನನ್ನೇ ಹೊಸದಾಗಿ ಕಂಡವರಂತೆ ನೋಡಿ, ಸಿಸ್ಟರ್ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು. "ಓದೋ ಹುಡ್ಗೀರ ವಿಡುದೀನೂ ಐತಾ ಇಲ್ಲಿ? ಇಷ್ಟೊಳ್ಳೆ ಯೋಚ್ನೆ ನನ್ ತಲೇಗೆ ಬಂದೇ ಇರ್ಲಿಲ್ಲ!"

ಅದನ್ನು ನಡೆಸುವವರೂ ತಾವೇ ಎನ್ನುತ್ತ ಸಿಸ್ಟರ್ ಮೇಜಿನ ಖಾನೆಯಿಂದ ಒಂದು ಫಾರಂ ತೆಗೆದರು. ಅಪ್ಪನಿಗೆ ತಮಿಳು ಆಡಲು ಬರುತ್ತದೆ, ಬರೆಯಲು ಅಷ್ಟಕ್ಕಷ್ಟೆ. 'ದಿವ್ಯ' ಎಂಬ ಎರಡಕ್ಷರದಲ್ಲಿ ಮೂರು ತಪ್ಪು ಮಾಡಿದರು. ಕಾಗುಣಿತ ತಪ್ಪಿದ್ದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು. ಹೊಸ ಫಾರಂ ಕೇಳಿ, ಪೆನ್ನು ಕಿತ್ತುಕೊಂಡು, ಒಂದು ಗೀಟೂ ಹೊಡೆಯದೆ ದುಂಡಗೆ ಎಲ್ಲವನ್ನೂ ತುಂಬಿ, ಕೆಳಗೆ ಸಹಿಯನ್ನೂ ಮಾಡಿದೆ.

ಅದು ಯಾವ ಫಾರಂ ಎಂಬುದು ಆಮೇಲೆ ನೆನಪಾಯಿತು.