ನಮ್ಮ ಸೊಸೆಯ ಜೀವಶಾಸ್ತ್ರ

ಮನೆಯಲ್ಲಿ ಒಬ್ಬರು ಪರೀಕ್ಷೆಗೆ ಕೂತರೆ ಓಣಿಯವರೆಲ್ಲ ಕೂತಂತೆ. ಆಮೇಲೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಾನು ಹೆಚ್ಚು ಮಾತಾಡುವವನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಆಂಧ್ರದ ಗಡಿಸೀಮೆಯಲ್ಲಿ, ರೊಳ್ಳದ ಕಡೆಯಿಂದ ರಾಯದುರ್ಗಕ್ಕೆ ದುಡಿಯಲು ಬಂದಿದ್ದೆವು. ಒಂದು ಜೀನ್ಸ್ ಯೂನಿಟ್ಟಿನಲ್ಲಿ ಸೊಸೆ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ನನ್ನ ಹೆಂಡತಿ ಹೊಲಿದ ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು. ನಾನು ಅಲ್ಲೇ ವಾಚ್‌ಮನ್. ಮಗ ಲಾರಿಯಲ್ಲಿ ಊರೂರು ಸುತ್ತುತ್ತಿದ್ದ. ಹಗಲು ಮಗುವನ್ನು ನೋಡುವವರಿಲ್ಲದೆ ಮೊಮ್ಮಗಳನ್ನು ಊರಲ್ಲೇ, ಸೊಸೆಯ ತವರಿನಲ್ಲಿ ಬಿಟ್ಟಿದ್ದೆವು.

ಊರಲ್ಲಿ ಅಂಗನವಾಡಿ ಕೆಲಸ ಒಂದು ಖಾಲಿಯಾಗುತ್ತದೆಂದು ಸುದ್ದಿ ಬಂತು. ಹತ್ತನೇ ತರಗತಿ ಪಾಸಾಗಿರಬೇಕು. ಸೊಸೆಗೆ ಜೀವಶಾಸ್ತ್ರ ಒಂದು ಉಳಿದುಹೋಗಿತ್ತು. ಅದು ಆದರೆ ಊರು, ಮಗಳು, ಎರಡೂ ಸಿಗುತ್ತವೆ. ಇಲ್ಲದಿದ್ದರೆ ಜೇಬು. ಅವಳು ಓಪನ್ ಸ್ಕೂಲಿಗೆ ಕಟ್ಟಿದಳು. ಅವಳನ್ನು ಹೆದರಿಸುತ್ತಿದ್ದ ಪಾಠ ಒಂದೇ: ಸಸ್ಯ ಮತ್ತು ಪ್ರಾಣಿಗಳ ಪ್ರತಿಕ್ರಿಯೆಗಳು.

ಸೊಟ್ಟಗಾಗದ ಗಿಡ

ಗಿಡ ಬೆಳಕಿನ ಕಡೆ ಬಾಗುತ್ತದೆಂದು ಪುಸ್ತಕದಲ್ಲಿತ್ತು. ಕಣ್ಣಾರೆ ನೋಡಿದರೆ ಮರೆಯುವುದಿಲ್ಲ ಎಂದು ಸೊಸೆ ಒಂದು ಬಟ್ಟಲಿನಲ್ಲಿ ಹುರುಳಿ ಹಾಕಿದಳು. ಯೂನಿಟ್ಟಿನಿಂದ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಒಂದು ಬದಿಗೆ ತೂತು ಮಾಡಿ, ಬಟ್ಟಲನ್ನು ಒಳಗಿಟ್ಟಳು. ಜಗಲಿಯ ಮೇಲೆ ಪ್ರಯೋಗ ಶುರುವಾಯಿತು.

ವಾರವಾಯಿತು. ಹುರುಳಿ ಕವಾಯತಿಗೆ ನಿಂತ ಪೊಲೀಸರ ಹಾಗೆ ನೆಟ್ಟಗಿತ್ತು.

"ಮಾವ, ಪುಸ್ತಕ ಸುಳ್ಳಾ, ಹುರುಳಿ ಸುಳ್ಳಾ?" ಎಂದಳು ಸೊಸೆ.

ನನಗೇನು ಗೊತ್ತು.

ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಪುಸ್ತಕ ಖರೇನ ಐತವ್ವ. ಬಗ್ಗಾಕ ಹತ್ತಿತ್ತು ಪಾಪ. ಪರೀಕ್ಷಾ ಬರಿಯಾಕಿ ಮನ್ಯಾಗ ಗಿಡ ಸೊಟ್ಟ ಆಗಬಾರದಂತ ನಾನ ಮುಂಜಾನಿ ಸಂಜಿ ಬಟ್ಟಲ ತಿರುಗಿಸಿ ಇಡ್ತಿದ್ದೆ."

ಗಿಡ ಬಾಗದಂತೆ ಸುತ್ತಿಸುವುದಕ್ಕೆ ದೊಡ್ಡ ಕಾಲೇಜುಗಳಲ್ಲಿ ಒಂದು ಯಂತ್ರವೇ ಇರುತ್ತದೆಂದು ಆಮೇಲೆ ಪುಸ್ತಕದಲ್ಲಿ ಸಿಕ್ಕಿತು. ನಮ್ಮದು ಅಕ್ಕಿಯನ್ನೂ ಆರಿಸುತ್ತಿತ್ತು.

ಮುಟ್ಟಿದರೆ ಮುನಿ

ಪಾಠದಲ್ಲಿ ಮುಂದೆ ಬರುವ ಮುಟ್ಟಿದರೆ ಮುನಿ ನಮ್ಮ ಒಣ ಸೀಮೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಓಣಿಯ ಆಟೋದವನು ಬೊಮ್ಮನಹಾಳಿನ ಕಡೆ ಓಡಿಸುತ್ತಿದ್ದ. "ಕಾಲುವಿ ದಂಡಿ ಮ್ಯಾಲ ಬೇಕಾದಷ್ಟು ಐತಕ್ಕ, ನಾ ತರ್ತೀನಿ" ಎಂದ. ಅವನನ್ನು ಯಾರೂ ಕೇಳಿರಲಿಲ್ಲ.

ಸಂಜೆ ತಂದ. ಮಣ್ಣಿನ ಹೆಂಟೆ, ಅದರ ಮೇಲೆ ಮುಳ್ಳಿನ ನಾಲ್ಕು ಕಡ್ಡಿ. ಒಂದೂ ಎಲೆಯಿಲ್ಲ.

"ಎಲೆ ಎಲ್ಲಣ್ಣ?" ಸೊಸೆ ಕೇಳಿದಳು.

ಆಟೋದವನು ತಲೆ ಕೆರೆದುಕೊಂಡ. "ಮುಂದಿನ ಸೀಟಿನ್ಯಾಗ ಇಟ್ಟಿದ್ದೆನಕ್ಕ. ಹತ್ತಿದವರೆಲ್ಲ ಮುಟ್ಟಿ ನೋಡಿದ್ರು. ಮುಟ್ಟಿದಾಗೊಮ್ಮೆ ಮುದುಡಿಕೊಂತು. ಛಲೋ ಇತ್ತು. ಆಮ್ಯಾಲ ಗುಮ್ಮಘಟ್ಟದಾಂವ ಒಬ್ಬ ಕುರಿಮರಿ ಎತ್ತಿಕೊಂಡು ಹತ್ತಿದ."

"ಅದೂ ಮುಟ್ಟಿತಾ?"

"ಇಲ್ಲಕ್ಕ. ಅದು ಮುಟ್ಟಾಕ ಹೋಗಲಿಲ್ಲ."

ಮರುದಿನ ಇನ್ನೊಂದು ಗಿಡ ತಂದ, ಟಿಫಿನ್ ಕ್ಯಾರಿಯರಿನೊಳಗೆ ಮುಚ್ಚಿಟ್ಟುಕೊಂಡು. ಅವತ್ತು ಅವನು ಮಧ್ಯಾಹ್ನ ಏನು ಉಂಡನೋ, ನಾನು ಕೇಳಲಿಲ್ಲ. ಸೊಸೆ ಮಾತ್ರ ಹಿಂದಿನ ದಿನದ ಕಡ್ಡಿಗಳನ್ನು ಎಸೆಯಲಿಲ್ಲ. "ಇರ್ಲಿ ಮಾವ, ಇದ್ರಾಗೆ ಸಸ್ಯದ್ದೂ ಐತೆ, ಪ್ರಾಣಿದೂ ಐತೆ. ಪಾಠ ಪೂರ್ತಿ ಆಯ್ತು" ಎಂದಳು.

ಗಂಟೆ

ಒಬ್ಬ ವಿಜ್ಞಾನಿ ನಾಯಿಗೆ ಗಂಟೆ ಬಾರಿಸಿ ಊಟ ಹಾಕುತ್ತಿದ್ದನಂತೆ. ಕೊನೆಗೆ ಊಟವಿಲ್ಲದಿದ್ದರೂ ಗಂಟೆ ಕೇಳಿದರೆ ಸಾಕು, ಅದಕ್ಕೆ ಜೊಲ್ಲು ಬರುತ್ತಿತ್ತಂತೆ. ಯೂನಿಟ್ಟಿನಲ್ಲಿ ಊಟದ ಹೊತ್ತಿಗೆ ಸೊಸೆ ಇದನ್ನು ಬಾಯಿಪಾಠ ಮಾಡುತ್ತಿದ್ದಳು. ಹೊಲಿಯುವ ಹೆಂಗಸರೆಲ್ಲ ಕೇಳಿದರು.

"ನಮ್ದು ಉಲ್ಟಾ ನೋಡ್ರಿ, ಗಂಟಿ ಹೊಡದ್ರ ಇದ್ದ ಜೊಲ್ಲೂ ಆರತೈತಿ" ಎಂದಳು ಒಬ್ಬಳು.

ಇನ್ನೊಬ್ಬಳು ನನ್ನ ಕಡೆ ತಿರುಗಿದಳು. "ಯಜಮಾನ್ರ, ಗಂಟಿ ನಿಮ್ಮ ಕೈಯಾಗ ಐತಲ್ರಿ. ಒಮ್ಮೆ ನೋಡೇ ಬಿಡೋಣ. ನಾವ್ಯಾರೂ ಏಳಂಗಿಲ್ಲ."

ಊಟ ಮುಗಿಯಿತೆಂದು ಯೂನಿಟ್ಟಿನ ಗಂಟೆ ಹೊಡೆಯುವುದು ನನ್ನ ಕೆಲಸ. ಓದಿಗೆ ಸಹಾಯವೆಂದು, ಹೊತ್ತಿಗೆ ಮುಂಚೆಯೇ ಹೊಡೆದೆ.

ಹೆಂಗಸರು ಕದಲಲಿಲ್ಲ. ಆದರೆ ಒಳಕೋಣೆಯಲ್ಲಿ ಉಣ್ಣುತ್ತಿದ್ದ ಸೂಪರ್‌ವೈಸರ್ ಎದ್ದು ಬಂದ. ಒಂದು ಕೈಯಲ್ಲಿ ಅರ್ಧ ರೊಟ್ಟಿ, ಬಾಯಲ್ಲಿ ಇನ್ನರ್ಧ. "ಏಳ್ರಿ, ಏಳ್ರಿ, ಮಷೀನಿಗೆ ಕೂಡ್ರಿ" ಎನ್ನುತ್ತ ಸಾಲಿನ ಕೊನೆಯವರೆಗೆ ನಡೆದು, ಅಲ್ಲಿ ಗಡಿಯಾರ ನೋಡಿದ.

"ಯಾಕ ಹೊಡದ್ರಿ ಯಜಮಾನ್ರ?"

"ಪರೀಕ್ಷೆಗೆ."

ಒಳ್ಳೆಯ ಮನುಷ್ಯ. ಬೈಯಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಸೊಸೆಗೆ ಓವರ್‌ಟೈಮ್ ಹಾಕುವುದಿಲ್ಲವೆಂದ, ಹಾಕಲೂ ಇಲ್ಲ. ಪುಸ್ತಕದಲ್ಲಿ ಯಾವ ಪ್ರಾಣಿಯ ಮೇಲೆ ಪ್ರಯೋಗ ಮಾಡಿದ್ದರೆಂದು ಅವನು ಕೇಳಲಿಲ್ಲ. ನಾನಾಗಿ ಹೇಳುವವನಲ್ಲ.

ಪರೀಕ್ಷೆ

ಸೆಂಟರು ಮಡಕಶಿರಾದಲ್ಲಿ ಬಿದ್ದಿತ್ತು. ಸೊಸೆಯ ಜೊತೆ ನಾನು ಹೋದೆ. ಶಾಲೆಯ ಗೇಟಿನ ಹತ್ತಿರ ಅವಳು ಹಾಲ್ ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟು, ನೀರು ಕುಡಿದು ಬರುತ್ತೇನೆಂದು ಎದುರಿನ ಹೋಟೆಲಿಗೆ ಹೋದಳು. ಅಷ್ಟರಲ್ಲಿ ಗಂಟೆಯಾಯಿತು. ಜನ ನುಗ್ಗಿದರು. ನಾನೂ ಗೇಟಿನವರೆಗೆ ತಳ್ಳಿಸಿಕೊಂಡು ಹೋದೆ.

ಓಪನ್ ಸ್ಕೂಲ್ ಪರೀಕ್ಷೆಗೆ ಎಲ್ಲ ವಯಸ್ಸಿನವರೂ ಬರುತ್ತಾರೆ. ನನ್ನ ಮುಂದೆಯೇ ಒಬ್ಬ ನರೆತ ಮೀಸೆಯವನು ಒಳಗೆ ಹೋದ. ಕಾನ್‌ಸ್ಟೇಬಲ್ ನನ್ನ ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡಿ, "ಪದ ತಾತಾ, ಪದ" ಎಂದು ತೆಲುಗಿನಲ್ಲಿ ಮುಂದೆ ನಡೆಯಲು ಹೇಳಿದ.

"ನಾನಲ್ಲ" ಎಂದೆ.

"ಭಯಪಡಬಾಕು ತಾತಾ" ಎಂದು ಧೈರ್ಯ ಹೇಳಿ ಒಳಕ್ಕೆ ತಳ್ಳಿದ. ಒಳಗೆ ಇನ್ನೊಬ್ಬರು ನಂಬರು ನೋಡಿ, ಕೈ ಹಿಡಿದು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಅವರಿಗೂ "ನಾನಲ್ಲ" ಎಂದೆ. ಅವರು ಬೆನ್ನು ತಟ್ಟಿ ಹೋದರು. ಪ್ರಶ್ನೆ ಪತ್ರಿಕೆ ಬಂತು. ಹೊರಗೆ ಗೇಟು ಹಾಕಿದ ಸದ್ದು ಕೇಳಿಸಿತು.

ಸೊಸೆ ಗೇಟಿನ ಆಚೆ. ಅವಳ ಹಾಲ್ ಟಿಕೆಟ್ಟು, ಪತ್ರಿಕೆ, ಮಾವ, ಮೂರೂ ಈಚೆ.

ಕೋಣೆಯ ಮೇಷ್ಟರು ಟಿಕೆಟ್ಟುಗಳನ್ನು ನೋಡುತ್ತ ನನ್ನ ಹತ್ತಿರ ಬಂದರು. ಫೋಟೋ ನೋಡಿದರು. ಮಲ್ಲಿಗೆ ಮುಡಿದ ಹೆಂಗಸು. ನನ್ನನ್ನು ನೋಡಿದರು.

"ಇದು ನೀವಾ?"

"ಅಲ್ಲ."

"ಮತ್ತೆ ಯಾಕೆ ಕೂತಿದ್ದೀರಿ?"

"ಕೂರಿಸಿದರು."

"ಯಾರಿದು?"

"ಸೊಸೆ."

"ಎಲ್ಲಿ?"

"ಗೇಟಿನಲ್ಲಿ."

ಅವರು ಮತ್ತೇನೂ ಕೇಳಲಿಲ್ಲ, ಓಡಿದರು. ತೆರೆಯುವುದಿಲ್ಲವೆಂದ ಕಾನ್‌ಸ್ಟೇಬಲ್ ಜೊತೆ ತೆಲುಗಿನಲ್ಲಿ ಜಗಳ ಮಾಡಿ, ಅಳುತ್ತ ನಿಂತಿದ್ದವಳನ್ನು ಕನ್ನಡದಲ್ಲಿ ಸಮಾಧಾನ ಮಾಡಿ ಕರೆತಂದರು. ಅವಳು ಕೂತಳು, ನಾನು ಎದ್ದೆ. ಆ ಮೇಷ್ಟರ ಹೆಸರು ಕೇಳಿಕೊಳ್ಳಲಿಲ್ಲ. ಈಗಲೂ ಆ ದಾರಿಯಲ್ಲಿ ಹೋದರೆ ಗೇಟಿಗೆ ಕೈ ಮುಗಿಯುತ್ತೇನೆ.

ಫಲಿತಾಂಶ ಒಂದು ಸಂಜೆ ಯಾರದೋ ಫೋನಿನಲ್ಲಿ ಬಂತು. ಪಾಸು. ಅಜ್ಜಿ ಸಕ್ಕರೆ ಹಂಚಿದಳು. ಆಟೋದವನು ಸುಮ್ಮಸುಮ್ಮನೆ ಹಾರ್ನ್ ಹೊಡೆದ. ಸೂಪರ್‌ವೈಸರ್ ಮನೆಗೇ ಬಂದ. ಹೆಂಡತಿ ಅತ್ತಳು, ನಕ್ಕಳು, ಮತ್ತೆ ಅತ್ತಳು. "ನೀನೂ ಒಂದು ಮಾತು ಹೇಳಬಾರದಾ, ಸೊಸೆ ಊರಿಗೆ ಹೊಂಟವ್ಳೆ" ಎಂದು ನನ್ನನ್ನು ತಿವಿದಳು. ಹೇಳಬೇಕೆಂದೇ ಇತ್ತು. ಹೋಗಿ ಹಾಸಿಗೆ ಬಿಡಿಸಿಕೊಂಡೆ.

ಬೆಳಿಗ್ಗೆ ಸೊಸೆ ಟೀ ತಂದುಕೊಟ್ಟಳು. ಲೋಟ ಖಾಲಿ ಮಾಡಿ ಕೆಳಗಿಟ್ಟು, "ಒಳ್ಳೇದಾಯ್ತು ಕಣಮ್ಮ" ಎಂದೆ.

ಅವಳು ಒಳಗೆ ತಿರುಗಿ ಕೂಗಿ ಹೇಳಿದಳು: "ಅತ್ತೆ, ಪರೀಕ್ಷೆಯಾಗೆ ನಾನು ಸರಿಯಾಗೇ ಬರ್ದಿದೀನಿ. ಗಿಡಗಳೂ ಪ್ರತಿಕ್ರಿಯೆ ಕೊಡ್ತವೆ, ಒಂದು ರಾತ್ರಿ ಹಿಡೀತೈತೆ ಅಷ್ಟೆ."