ಹೊಗೆಯೇಳುವ ಐಸ್‌ಕ್ರೀಮೂ ಸಂಘದ ಕ್ಯಾನೂ

ಇಚಿಲಂಪಾಡಿಯ ಉದಯನಿಗೆ ತಾನು ಕಾಲಕ್ಕೆ ತಕ್ಕ ಮನುಷ್ಯ ಎಂದು ಯಾರಿಗಾದರೂ ತೋರಿಸಿಕೊಳ್ಳದಿದ್ದರೆ ತಿಂದ ಅನ್ನ ಕರಗುವುದಿಲ್ಲ. ಊರಿಗೆ ಮೊದಲು ಇನ್ವರ್ಟರ್ ತಂದವನು ಅವನು (ಅದು ಕರೆಂಟು ಇದ್ದಾಗ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ). ಹಾಲು ಕರೆಯುವ ಯಂತ್ರ ತಂದವನೂ ಅವನೇ (ಅದರ ಸದ್ದಿಗೆ ದನಗಳು ಹಗ್ಗ ಕಿತ್ತುಕೊಂಡು ಓಡಿದ್ದರಿಂದ ಈಗ ಅದರ ಮೇಲೆ ಗೋಣಿ ಒಣಗುತ್ತದೆ). ಇಂಥವನ ಮಗಳಿಗೆ ಸಂಬಂಧ ಕೂಡಿಬಂದರೆ ಬರೀ ಪಾಯಸ ಬಡಿಸಿ ಕಳಿಸುತ್ತಾನೆಯೇ?

ಸಂಬಂಧ ಕೊಲ್ಲಮೊಗ್ರಿನದು. ಹುಡುಗ ಹರ್ಷಿತ್, ಸುಳ್ಯದಲ್ಲಿ ರಬ್ಬರ್ ಶೀಟು ಖರೀದಿಸುವ ಅಂಗಡಿ ಇಟ್ಟಿದ್ದಾನೆ. ಉದಯನ ಮಗಳು ದೀಪ್ತಿಯೂ ಅವನೂ ಕಾಲೇಜಿನಲ್ಲಿರುವಾಗಲೇ ಪರಸ್ಪರ ಒಪ್ಪಿಕೊಂಡಿದ್ದರು. ಇನ್ನು ಒಪ್ಪಬೇಕಾದವರು ಹಿರಿಯರು. ಹಿರಿಯರೆಂದರೆ ಹುಡುಗನ ತಾಯಿ ಕಮಲಾವತಿ. ತಂದೆ ಮೇದಪ್ಪ ಇಲ್ಲವೆಂದಲ್ಲ. ಹೆಂಡತಿ ಮೆಲ್ಲಗೆ ಹೇಳಿದ್ದನ್ನು ಗಟ್ಟಿಯಾಗಿ ಹೇಳುವ ಜವಾಬ್ದಾರಿ ಅವರದು. ಇವರೆಲ್ಲ ಬರುವ ಭಾನುವಾರ ಉದಯನ ಮನೆ ನೋಡಲು ಬರುವುದೆಂದು ನಿಶ್ಚಯವಾಗಿತ್ತು.

ಉದಯನ ತಲೆ ಕೆಟ್ಟದ್ದು ಪುತ್ತೂರಿನ ಒಂದು ಮದುವೆ ಹಾಲ್‌ನಲ್ಲಿ. ಅಲ್ಲಿ ಊಟದ ಕೊನೆಗೆ ಕಪ್ಪು ಕೋಟಿನವನೊಬ್ಬ ಐಸ್‌ಕ್ರೀಮಿನ ಪಾತ್ರೆಗೆ ಏನೋ ಸುರಿದ. ಬುಸ್ಸೆಂದು ಬಿಳಿಯ ಹೊಗೆ ಎದ್ದು ಅರ್ಧ ಹಾಲ್ ಮರೆಯಾಯಿತು. ಸಾಲಿನಲ್ಲಿ ಮುಂದೆ ನಿಂತಿದ್ದ ಕಮಲಾವತಿ ಎದೆಗೆ ಕೈಯಿಟ್ಟು, "ಅಬ್ಬ! ಇದೆಂತ ಮಾರಾಯ್ರೆ!" ಎಂದದ್ದನ್ನು ಹಿಂದೆಯೇ ಇದ್ದ ಉದಯ ಸ್ವಂತ ಕಿವಿಯಿಂದ ಕೇಳಿದ್ದ. ಅವತ್ತೇ ಸಂಕಲ್ಪ ಮಾಡಿದ.

"ಭಾನುವಾರ ನಮ್ಮಲ್ಲಿಯೂ ಹೊಗೆ ಐಸ್‌ಕ್ರೀಮು," ಎಂದು ಹೆಂಡತಿ ಶರ್ಮಿಳಾಳ ಮುಂದೆ ಘೋಷಿಸಿದ.

"ಹೊಗೆ ಬೇಕಾದ್ರೆ ನಮ್ಮ ಒಲೆ ಉಂಟಲ್ಲ? ಹಸಿ ಕಟ್ಟಿಗೆ ತಂದು ಹಾಕಿದ್ದು ನೀವೇ."

"ನಿನಗೆ ತಿಳಿಯುದಿಲ್ಲ. ಅದು ವೈಜ್ಞಾನಿಕ ಹೊಗೆ."

ಪುತ್ತೂರಿನ ಅಡುಗೆಯವರಿಗೆ ಫೋನ್ ಮಾಡಿದರೆ, ಒಂದು ಮನೆಯ ಊಟಕ್ಕೆಂದು ಅಷ್ಟು ದೂರ ಸಾಮಾನು ಹೊತ್ತು ಬರುವುದಿಲ್ಲ ಎಂದುಬಿಟ್ಟರು. ಉದಯ ಮುಖ ಸಣ್ಣ ಮಾಡಿಕೊಂಡು ಕೊಟ್ಟಿಗೆಗೆ ಹೋದ. ಅಲ್ಲಿ ಡೊಂಬಯ್ಯ ಬಂದು ಕ್ಯಾನಿನ ಮುಚ್ಚಳ ತೆರೆಯುತ್ತಿದ್ದ. ಡೊಂಬಯ್ಯ ಹಾಲಿನ ಸಂಘದಿಂದ ಬರುವವನು. ಬೆದೆಗೆ ಬಂದ ದನಗಳಿಗೆ ಗಬ್ಬ ನಿಲ್ಲುವ ಇಂಜೆಕ್ಷನ್ ಕೊಡುವುದು ಅವನ ಉದ್ಯೋಗ. ಹೋರಿಯ ವೀರ್ಯ ಕೆಡದಂತೆ ಇಡುವ ಆ ಕ್ಯಾನಿನಿಂದ ಬಿಳಿಯ ಹೊಗೆ ಮೆಲ್ಲಗೆ ಎದ್ದು ದನದ ಕಾಲಿನ ಸುತ್ತ ಹರಡಿತು.

"ಡೊಂಬಯ್ಯಾ, ಇದರೊಳಗೆ ಎಂತ ಇರುದು?"

"ಲಿಕ್ವಿಡ್ ನೈಟ್ರೋಜನ್ ಅಲ್ವಾ ಉದಯಣ್ಣ? ನೀವು ಎಷ್ಟು ವರ್ಷದಿಂದ ನೋಡ್ತಾ ಇದ್ದೀರಿ!"

ಉದಯ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಪುತ್ತೂರಿನ ಕೋಟಿನವನು ಸುರಿದದ್ದೂ ಇದನ್ನೇ!

"ಅಯ್ಯೋ, ಇದು ದನದ್ದು," ಎಂದು ಡೊಂಬಯ್ಯ ಹಿಂಜರಿದ. "ತಿನ್ನುದಕ್ಕೆ ಹಾಕುದು ಬೇರೆಯೇ ಬರ್ತದಂತೆ."

"ಸಾರಜನಕ ಇರುದು ಗಾಳಿಯಲ್ಲಿ ಮಾರಾಯ. ದನಕ್ಕೊಂದು ಗಾಳಿ, ನಮಗೊಂದು ಗಾಳಿ ಉಂಟಾ? ನೀನು ಬಿಳಿ ಟೊಪ್ಪಿ ಹಾಕಿ ನಿಂತರೆ ಎಲ್ಲರೂ ಚಪ್ಪಾಳೆ ತಟ್ಟುದು ನಿನಗೇ."

ಡೊಂಬಯ್ಯನ ಕೆಲಸಕ್ಕೆ ಇದುವರೆಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ದನಗಳಂತೂ ತಟ್ಟುವುದಿಲ್ಲ. ಅವನು ಕರಗಿದ. ಹೋರಿಯ ಸಂಪರ್ಕವೇ ಇಲ್ಲದ ಸ್ಪೇರ್ ಕ್ಯಾನು ತರುವುದೆಂದು ಮಾತಾಯಿತು.

ಶರ್ಮಿಳಾಗೆ ವಿಷಯ ತಿಳಿದಾಗ ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಆ ಕ್ಯಾನು ಬೀಗರ ಎದುರು ಇಡ್ತೀರಾ? ನಿಮಗೆ ಮಂಡೆ ಸಮ ಉಂಟಾ?"

"ಅದು ಸ್ಪೇರ್ ಕ್ಯಾನು ಮಾರಾಯ್ತಿ!"

"ಬಂದವರಿಗೆ ಅದು ಹೇಗೆ ಗೊತ್ತಾಗುದು? ಮೇಲೆ ಬರೆದಿಡ್ತೀರಾ? ತಿಂದು ಯಾರಿಗಾದ್ರೂ ಎಂತಾದ್ರೂ ಆದ್ರೆ? ಸಂಬಂಧ ತಪ್ಪಿದ್ರೆ ಮಗಳಿಗೆ ನೀವೇ ಉತ್ತರ ಹೇಳಿ."

"ಕಮಲಕ್ಕನಿಗೆ ಅದು ಎಷ್ಟು ಇಷ್ಟ ಅಂತ ನಾನು ನೋಡಿದ್ದೇನೆ. ನೀನು ಸುಮ್ಮನಿರು."

ಅವಳು ಸುಮ್ಮನಾದಳು. ಅದನ್ನು ಉದಯ ಒಪ್ಪಿಗೆ ಎಂದುಕೊಂಡ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಇದಕ್ಕಿಂತ ಹೆಚ್ಚು ತಿಳಿವಳಿಕೆ ಇರಬೇಕಿತ್ತು.

ಭಾನುವಾರ ಬೀಗರು ಜೀಪಿನಲ್ಲಿ ಬಂದಿಳಿದರು. ಚಾವಡಿಯ ಮೂಲೆಯಲ್ಲಿ ಕ್ಯಾನು ಶರ್ಮಿಳಾಳ ಹಸಿರು ರೇಷ್ಮೆ ಸೀರೆ ಸುತ್ತಿಕೊಂಡು, ಮಲ್ಲಿಗೆ ಮುಡಿದು ಕುಳಿತಿತ್ತು. ಮೇದಪ್ಪ ಒಳಗೆ ಬರುತ್ತಲೇ ಯಾವುದೋ ದೇವರೆಂದು ಅದಕ್ಕೆ ಕೈಮುಗಿದರು. ಪಕ್ಕದಲ್ಲಿ ಬಿಳಿ ಟೊಪ್ಪಿಯ ಡೊಂಬಯ್ಯ ಅರ್ಚಕನಂತೆ ನಿಂತಿದ್ದ. "ಇವರು ಮಂಗಳೂರಿನ ದೊಡ್ಡ ಹೋಟೆಲಿನ ತಜ್ಞರು," ಎಂದು ಉದಯ ಪರಿಚಯಿಸಿದ. ತಜ್ಞರು ಗಾಬರಿಯಲ್ಲಿ ಮೇದಪ್ಪನವರಿಗೆ, "ನಿಮ್ಮಲ್ಲಿ ದನ ಎಷ್ಟು ಹಾಲು ಕರೀತಾ ಉಂಟು?" ಎಂದು ಕೇಳಿಬಿಟ್ಟರು. ಉದಯ ಕೆಮ್ಮಿ ಮಾತು ಹಾರಿಸಿದ.

ಕೋಳಿ ಸುಕ್ಕ, ನೀರುದೋಸೆ, ಹಲಸಿನ ಗಟ್ಟಿ ಎಲ್ಲವೂ ಸರಾಗ ನಡೆದವು. ಆದರೆ ಉದಯನಿಗೆ ಊಟದ ಮೇಲೆ ಗಮನವಿಲ್ಲ. ಎಲ್ಲರೂ ಕೈತೊಳೆದು ಬರುತ್ತಲೇ ಮೇಘಸೃಷ್ಟಿಗೆ ಅಪ್ಪಣೆ ಕೊಟ್ಟ.

ಹಾಲು, ಹಲಸಿನ ಹಣ್ಣಿನ ರಸ, ಬೆಲ್ಲ ಬೆರೆಸಿಟ್ಟ ದೊಡ್ಡ ಉರುಳಿ ಪಾತ್ರೆಗೆ ಡೊಂಬಯ್ಯ ಕ್ಯಾನು ಬಗ್ಗಿಸಿದ. ಭುಸ್! ಹೊಗೆ ಚಾವಡಿ ತುಂಬಿ, ಮೆಟ್ಟಿಲಿಳಿದು ಅಂಗಳಕ್ಕೆ ಹೊರಟಿತು. ಮೇದಪ್ಪ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ಬೆಕ್ಕು ಆ ದಿನ ಮತ್ತೆ ಕಾಣಿಸಲಿಲ್ಲ. ಉರುಳಿಯಲ್ಲಿದ್ದದ್ದು ಹೆಪ್ಪುಗಟ್ಟಿ ಕಲ್ಲಾಗಿ, ಕಲಸುತ್ತಿದ್ದ ಸೌಟು ನಡುವೆ ಕಂಬದಂತೆ ನೆಟ್ಟುಕೊಂಡಿತು. ಅಂಚಿನಿಂದ ಕೆರೆದು ತೆಗೆದ ಮೊದಲ ಬಟ್ಟಲನ್ನು ಉದಯ ಕಮಲಾವತಿಯ ಕೈಗೆ ಕೊಟ್ಟ.

"ಹೊಗೆ ಪೂರ್ತಿ ಹೋಗದೆ ಬಾಯಿಗೆ ಇಡಬಾರದು," ಎಂದು ತಜ್ಞರು ಎಚ್ಚರಿಸಿದರು.

ಕಮಲಾವತಿ ಬಟ್ಟಲನ್ನು ಮೈಯಿಂದ ಆದಷ್ಟು ದೂರ ಹಿಡಿದರು. ಎಲ್ಲರಿಗೂ ಕಾಣಲೆಂದು ಇರಬೇಕು ಎಂದುಕೊಂಡ ಉದಯ. ಅವರು ಬಟ್ಟಲನ್ನೊಮ್ಮೆ, ಗೇಟನ್ನೊಮ್ಮೆ ನೋಡಿದರು. ಹೊಗೆ ತೆಳುವಾಯಿತು. ಚಮಚ ಎತ್ತಲೇಬೇಕಾಯಿತು. ಎತ್ತಿದರು.

"ಅಂಬಾ!"

ಅಂಗಳದಲ್ಲಿ ದನ. ದನದ ಹಗ್ಗ ಹಿಡಿದು ನೆರೆಮನೆಯ ಬೋಜ.

"ಡೊಂಬಯ್ಯ ಇಲ್ಲಿ ಇದ್ದಾನಾ? ಕ್ಯಾನು ಇಲ್ಲಿಗೆ ಬಂದದ್ದಂತೆ," ಎಂದವನು ಟೊಪ್ಪಿ ಕಂಡು ಬೆರಗಾದ. "ಇದೆಂತ ವೇಷ ಮಾರಾಯ? ಬೇಗ ಬಾ. ದನ ಬೆದೆಗೆ ಬಂದು ನಿನ್ನೆಯಿಂದ ಕೂಗುದು, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ."

"ಬೋಜಾ, ಇವರು ಮಂಗಳೂರಿನವರು," ಎಂದ ಉದಯ, ಕಣ್ಣಿನಲ್ಲೇ ಅಂಗಲಾಚುತ್ತ.

"ಮಂಗಳೂರಿಗೆ ಯಾವಾಗ ಹೋದದ್ದು? ಮೊನ್ನೆ ನಮ್ಮ ಕೊಟ್ಟಿಗೆಯಲ್ಲಿ ಇದ್ದನಲ್ಲ!" ಬೋಜ ಮೆಟ್ಟಿಲ ಬಳಿ ಬಂದು ಮೂಲೆಗೆ ಕತ್ತು ಚಾಚಿದ. "ಅಲ್ಲ ಉದಯಣ್ಣ, ಸಂಘದ ಕ್ಯಾನಿಗೆ ಸೀರೆ ಯಾಕೆ? ಅದಕ್ಕೆ ಚಳಿಯಾ?"

ಕೊಲ್ಲಮೊಗ್ರಿನವರೂ ದನ ಸಾಕಿದವರೇ. ಸಂಘದ ಕ್ಯಾನು ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಮಲಾವತಿ ಚಮಚವನ್ನು ಬಟ್ಟಲಿಗೂ ಬಟ್ಟಲನ್ನು ಮೇಜಿಗೂ ಇಳಿಸಿದರು. ಬಾಗಿಲ ಮರೆಯಲ್ಲಿ ದೀಪ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಮಗಳು ಅಳುತ್ತಿದ್ದಾಳೆ ಎಂದುಕೊಂಡ ಉದಯ. ಮಿಕ್ಕವರಿಗೆ ಏನಾದರೂ ತೋರಿಸಿಕೊಳ್ಳಬಹುದು, ಇವಳಿಗೆ ಇನ್ನು ಹೇಗೆ ಮುಖ ತೋರಿಸುವುದು? ಇನ್ವರ್ಟರ್, ಯಂತ್ರ, ಹೊಗೆ ಎಲ್ಲದರ ಮೇಲೂ ಅವನಿಗೆ ಒಟ್ಟಿಗೇ ಹೇಸಿಗೆ ಹುಟ್ಟಿತು.

ಕಮಲಾವತಿ ಎದ್ದರು. ಚಪ್ಪಲಿ ಮೆಟ್ಟಿದರು. ಮುಗಿಯಿತು, ಜೀಪು ಹತ್ತುತ್ತಾರೆ ಎಂದು ಉದಯ ಕಣ್ಣು ಮುಚ್ಚಿಕೊಂಡ.

"ಎಲ್ಲಿ, ದನ ನೋಡುವ," ಎಂಬ ಸ್ವರ ಕೇಳಿ ಕಣ್ಣು ತೆರೆದರೆ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ನಿಂತಿದ್ದರು. "ಹೊತ್ತು ಮೀರಿದ್ರೆ ಗಬ್ಬ ನಿಲ್ಲುದಿಲ್ಲ. ತಜ್ಞರೇ, ಟೊಪ್ಪಿ ತೆಗೀರಿ, ಗ್ಲೌಸು ಹಾಕಿ."

ಡೊಂಬಯ್ಯ ಬೈಕಿನಿಂದ ಕೆಲಸದ ಕ್ಯಾನು ಇಳಿಸಿ, ಹೆಗಲಿನವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸು ಏರಿಸಿದ. ಬೋಜ ಕೊಂಬು ಹಿಡಿದ. ಬಾಲ ಹಿಡಿದವರು ಸ್ವತಃ ಕಮಲಾವತಿ. ಬೀಗರೆಲ್ಲ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಕೆಲಸ ಮುಗಿದಾಗ ಮೇದಪ್ಪ ಚಪ್ಪಾಳೆಯನ್ನೂ ತಟ್ಟಿದರು. ಡೊಂಬಯ್ಯ ನಾಚಿ ತಲೆ ತಗ್ಗಿಸಿದ.

ಕಮಲಾವತಿ ಸೋಪು ಹಾಕಿ ಕೈತೊಳೆದು ಬಂದು ಕುಳಿತರು. "ಇನ್ನು ನಮ್ಮ ಮಾತು. ಹುಡುಗಿ ನಮಗೆ ಒಪ್ಪಿಗೆ."

"ಒಪ್ಪಿಗೆ!" ಎಂದರು ಮೇದಪ್ಪ, ಗಟ್ಟಿಯಾಗಿ.

"ಒಂದು ಮಾತು ಉಂಟು ಉದಯಣ್ಣ. ಮದುವೆಗೆ ಈ ಹೊಗೆಯದ್ದು ಮಾತ್ರ ಬೇಡ. ಪುತ್ತೂರಿನಲ್ಲಿ ಅದನ್ನು ಕಂಡು ನನ್ನ ಎದೆಯೇ ನಿಂತು ಹೋಗಿತ್ತು."

ಉದಯನ ಜೀವ ವಾಪಸು ಬಂತು. "ಪಾಯಸ ಮಾಡುವ, ಕಮಲಕ್ಕ, ಬರೀ ಪಾಯಸ!" ಎಂದವನಿಗೆ ಕಣ್ಣಿನಲ್ಲಿ ನೀರೇ ಬಂತು. ಐಸ್‌ಕ್ರೀಮನ್ನು ಸೌಟಿನ ಸಮೇತ ಬಾಳೆಬುಡಕ್ಕೆ ಸಾಗಿಸಲಾಯಿತು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕುಳಿತರು. ಉದಯನಿಗೆ ಮೈಯೆಲ್ಲ ಹಗುರ.

"ದೇವರು ದೊಡ್ಡವ, ಶರ್ಮಿಳಾ. ಅವರು ಅದನ್ನು ತಿಂದು ಎಂತಾದ್ರೂ ಆಗಿದ್ರೆ? ಬೋಜ ಬಂದ ಹೊತ್ತು ನೋಡು, ಚಮಚ ಎತ್ತುವಾಗಲೇ!"

"ದೇವರಲ್ಲ, ನಾನು," ಎಂದಳು ಶರ್ಮಿಳಾ, ಕ್ಯಾನಿನಿಂದ ಬಿಚ್ಚಿದ ಸೀರೆಗೆ ಅಂಟಿದ ಮಲ್ಲಿಗೆ ಬಿಡಿಸುತ್ತ. "ದನ ಕೂಗ್ತಾ ಉಂಟು, ಡೊಂಬಯ್ಯ ಎಲ್ಲಿ ಅಂತ ಬೆಳಿಗ್ಗೆ ಬೋಜಣ್ಣ ಫೋನ್ ಮಾಡಿದ್ರು. ಈಗ ಬೇಡ, ಹೊಗೆ ಕಂಡ ಕೂಡಲೇ ಕರ್ಕೊಂಡು ಬನ್ನಿ ಅಂತ ಹೇಳಿದೆ."

"ಬೀಗರ ಎದುರಿಗೆ! ಸಂಬಂಧ ಮುರಿದಿದ್ರೆ?"

"ಎಲ್ಲಿ ಮುರಿಯುದು? ಒಪ್ಪಿಗೆ ಅಂತ ಕಮಲಕ್ಕ ಮೊನ್ನೆಯೇ ಹೇಳಿದ್ದಾರೆ. ಹೊಗೆಯ ಸಂಗತಿ ದೀಪ್ತಿ ಹರ್ಷಿತ್‌ಗೆ ಹೇಳಿದ್ದು, ಅವ ತಾಯಿಗೆ ಹೇಳಿದ್ದು. ಹೇಗಾದ್ರೂ ತಪ್ಪಿಸಿ ಅಂತ ಅವ್ರು ನನಗೆ ಫೋನ್ ಮಾಡಿದ್ದು. ನಾನು ಹೇಳಿದ್ರೆ ನೀವು ಕೇಳುದುಂಟಾ? ಬೋಜಣ್ಣ ಬರ್ತಾರೆ ಅಂತ ಕಮಲಕ್ಕನಿಗೆ ಇವತ್ತು ಬೆಳಿಗ್ಗೆಯೇ ಹೇಳಿಯಾಗಿತ್ತು."

"ಹಾಗಾದ್ರೆ ದೀಪ್ತಿ ಅತ್ತದ್ದು?"

"ನಕ್ಕದ್ದು."

"ಡೊಂಬಯ್ಯ?"

"ಐಸ್‌ಕ್ರೀಮು ಮಾಡ್ಲಿಕ್ಕೆ ಬಂದವ ಕೆಲಸದ ಕ್ಯಾನು ಬೈಕಿನಲ್ಲಿ ಯಾಕೆ ತಂದದ್ದು ಅಂತ ಮಾಡಿದ್ರಿ?"

"ಅಂದ್ರೆ ನನ್ನನ್ನು ಬಿಟ್ಟು ಇಡೀ ಊರಿಗೇ ಗೊತ್ತಿತ್ತಾ?"

ಶರ್ಮಿಳಾ ಸ್ವಲ್ಪ ಯೋಚಿಸಿದಳು. ಗಂಡನ ಮುಖ ನೋಡಿ ಅವಳಿಗೂ ಪಾಪ ಅನಿಸಿರಬೇಕು.

"ದನಕ್ಕೆ ಗೊತ್ತಿರ್ಲಿಲ್ಲ," ಎಂದಳು. "ಅದು ಅದರ ಕೆಲಸಕ್ಕೆ ಬಂದದ್ದು."